ದಸರಾ ರಶ್ಶಿನಲ್ಲಿ ಮಡಿಕೇರಿಯಲ್ಲಿ ಬುಕ್ ಮಾಡಿದ ರೂಮೇ ಸಿಗಲಿಲ್ಲ. ಈಗ ಏನಾದರೂ ಮಾಡಬಹುದಾ?

ವಿದ್ಯಾನಗರದಾಕಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅತ್ತೆಗೆ ಮಡಿಕೇರಿ ದಸರಾದ ದಶಮಂಟಪ, ಅಂದರೆ ವಿಜಯದಶಮಿ ರಾತ್ರಿಯ ಹತ್ತು ಮಂಟಪಗಳ ಮೆರವಣಿಗೆ ನೋಡಬೇಕು ಅಂತ ಬಹಳ ವರ್ಷದ ಆಸೆ. ಟಿವಿಯಲ್ಲಿ ನೋಡಿದ್ದೇ ನೋಡಿದ್ದು. ದೇವಿ ಕೈ ಎತ್ತೋದು, ರಾಕ್ಷಸ ಎದ್ದು ಬರೋದು, ಹೊಗೆ, ಲೈಟು, ಎಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2, ಗುರುವಾರ ಬಂತು. ಶುಕ್ರವಾರ ಒಂದು ರಜೆ ಹಾಕಿದರೆ ಭಾನುವಾರದ ತನಕ ಸಿಗುತ್ತದೆ. ಇಡೀ ಕರ್ನಾಟಕ ಹಾಗೇ ಯೋಚನೆ ಮಾಡಿತ್ತು ಅನ್ನೋದು ದಾರಿಯಲ್ಲಿ ಗೊತ್ತಾಯಿತು, ಬಿಡಿ.

ನಾವು ಆಗಸ್ಟ್‌ನಲ್ಲೇ ಆಪ್ ಮೂಲಕ ಬುಕ್ ಮಾಡಿದ್ದೆವು. ಎರಡು ರೂಮು, ಎರಡು ರಾತ್ರಿ, ರೂಮಿಗೆ ದಿನಕ್ಕೆ 6,200 ರೂಪಾಯಿ. ಒಂದಷ್ಟು ಮುಂಗಡ ಆಪ್‌ಗೆ, ಉಳಿದದ್ದು ಹೋಟೆಲಿನಲ್ಲಿ. ಅದಕ್ಕಿಂತ ಕಡಿಮೆಗೆ ಊರ ಹೊರಗೆ ಬೇಕಾದಷ್ಟು ಹೋಮ್‌ಸ್ಟೇ ಇದ್ದವು. ಇದನ್ನೇ ಹಿಡಿದದ್ದಕ್ಕೆ ಕಾರಣ, ಮಂಟಪಗಳು ಹೋಗುವ ರಸ್ತೆ ಹೋಟೆಲಿನ ಬಾಗಿಲಲ್ಲೇ ಇತ್ತು. ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿದೆ. ನೆಲಮಹಡಿ ರೂಮು ಬೇಕು ಅಂತ ವಾಟ್ಸಾಪ್ ಮಾಡಿ, ಹೋಟೆಲಿನವರಿಂದ ‘ಓಕೆ ಮೇಡಂ’ ಅಂತ ಉತ್ತರವನ್ನೂ ತರಿಸಿಕೊಂಡಿದ್ದೆ.

ಹುಬ್ಬಳ್ಳಿಯಿಂದ ರಾತ್ರಿಯೆಲ್ಲ ಟಿಟಿಯಲ್ಲಿ ಕೂತು, ಹಾಸನ, ಸೋಮವಾರಪೇಟೆ ದಾಟಿ, ವಿಜಯದಶಮಿ ದಿನ ಮಧ್ಯಾಹ್ನ 12ಕ್ಕೆ ಕೌಂಟರ್ ಮುಂದೆ ನಿಂತೆವು. ಮೊದಲು ‘ನಿನ್ನೆಯ ಗೆಸ್ಟ್ ಇನ್ನೂ ಖಾಲಿ ಮಾಡಿಲ್ಲ, ಒಂದು ಗಂಟೆ ಕೂತಿರಿ’ ಅಂದರು. ಎರಡು ಗಂಟೆಗೆ ‘ನಿಮ್ಮ ಬುಕಿಂಗ್ ನಮ್ಮ ಸಿಸ್ಟಮ್‌ಗೆ ಬಂದಿಲ್ಲ’ ಅಂದರು. ಮೂರೂವರೆಗೆ ‘ನಮ್ಮದೇ ಇನ್ನೊಂದು ಪ್ರಾಪರ್ಟಿ ಇದೆ, ಮೇಕೇರಿ ಕಡೆ, ಇದಕ್ಕಿಂತ ಚೆನ್ನಾಗಿದೆ’ ಅಂತ ಶುರು ಮಾಡಿದರು. ಅಷ್ಟರಲ್ಲಿ ಮಗು ಅಳುತ್ತಿತ್ತು, ಅತ್ತೆ ಸೋಫಾ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದರು. ಹೊರಟೆವು.

ಅಲ್ಲಿ ರೂಮು ಮೇಲ್ಮಹಡಿ. ಹೊರಗಿನಿಂದ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಕಂಬಳಿ ಮುಟ್ಟಿದರೆ ಒದ್ದೆ ಒದ್ದೆ. ನಲ್ಲಿಯಲ್ಲಿ ಬಿಸಿನೀರಿಲ್ಲ, ರಾತ್ರಿ ಎಂಟಕ್ಕೆ ನಾಲ್ಕು ಜನಕ್ಕೆ ಒಂದು ಬಕೆಟ್ ತಂದಿಟ್ಟರು. ರೇಟು ಮಾತ್ರ ಅದೇ. ಸಂಜೆ ಊರೊಳಗೆ ಗಾಡಿ ಬಿಡಲಿಲ್ಲ. ಮಡಿಕೇರಿಯ ಏರು ಗೊತ್ತಲ್ಲ, ಅತ್ತೆ ಹತ್ತುವ ಹಾಗೇ ಇರಲಿಲ್ಲ. ನಮ್ಮೆಜಮಾನರು, ಮೈದುನ ಹೋಗಿ ವಿಡಿಯೋ ಕಾಲ್ ಮಾಡಿದರು. ಅದೂ ನೆಟ್‌ವರ್ಕ್ ಸಿಕ್ಕಾಗ. ಅಷ್ಟು ದೂರ ಹೋಗಿ ಮತ್ತೆ ಫೋನಿನಲ್ಲೇ ನೋಡಿದ ಹಾಗಾಯಿತು.

ಬೆಳಿಗ್ಗೆ ತಿಂಡಿ ರೇಟಿನಲ್ಲೇ ಸೇರಿದೆ ಅಂತ ವೋಚರ್‌ನಲ್ಲಿತ್ತು. ಒಂಬತ್ತಕ್ಕೆ ಹೋದರೆ ಬ್ರೆಡ್ಡು, ಜಾಮ್. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: ‘ಸೀಸನ್ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ.’

ಈಗ ಆಪ್‌ನವರು ಹೋಟೆಲ್ ಜತೆ ಮಾತಾಡಿ ಅನ್ನುತ್ತಾರೆ. ಹೋಟೆಲಿನವರು ಆಪ್ ಜತೆ ಮಾತಾಡಿ ಅನ್ನುತ್ತಾರೆ. ದುಡ್ಡು ವಾಪಸ್ ಬರುತ್ತದಾ? ಮುಂದೆ ಹೀಗಾದರೆ ಅಲ್ಲೇ ನಿಂತು ಏನು ಮಾಡಬೇಕು?

ಗಾಂಧಿಬಜಾರ್_ರಾಯರು:

ಹಬ್ಬದ ದಿನ ಕೊಡಗಿಗೆ ಹೋಗಿ ಸರ್ವೀಸ್ ಚೆನ್ನಾಗಿಲ್ಲ ಅಂದರೆ ಹೇಗಮ್ಮ? ನಾನು ಮಳೆಗಾಲ ಮುಗಿದ ಮೇಲೆ, ಮಂಗಳವಾರ ಬುಧವಾರ ನೋಡಿ ಹೋಗುತ್ತೇನೆ. ಅರ್ಧ ರೇಟು, ಮಾಲೀಕನೇ ಬಂದು ಕಾಫಿ ಕೇಳುತ್ತಾನೆ. ಇರಲಿ, ಹೋಟೆಲ್ ಹೆಸರು ಹೇಳಿ, ನಾವಾದರೂ ತಪ್ಪಿಸಿಕೊಳ್ಳುತ್ತೇವೆ.

ವಿದ್ಯಾನಗರದಾಕಿ:

ರಾಯರೇ, ದಶಮಂಟಪ ಮಂಗಳವಾರ ನೋಡಿ ಬರಲ್ಲ, ವಿಜಯದಶಮಿ ರಾತ್ರಿಯೇ ಹೋಗಬೇಕು! ಹೆಸರು ಸದ್ಯಕ್ಕೆ ಬೇಡ. ದೂರು ಒಂದು ದಡ ಸೇರಲಿ.

ಹಳೇ_ಕೌಂಟರ್:

ನಾನು ಬಹಳ ವರ್ಷ ಮಡಿಕೇರಿ, ಮೈಸೂರಿನ ಲಾಡ್ಜುಗಳಲ್ಲಿ ರಿಸೆಪ್ಷನ್‌ನಲ್ಲಿದ್ದವನು. ಈಗ ಕುಶಾಲನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಆದ್ದರಿಂದ ಯಾರ ಪರವೂ ಇಲ್ಲದೆ ಹೇಳಬಲ್ಲೆ.

ಮೇಡಂ, ನಿಮಗೆ ಹೇಳಿದ ಮೂರು ಮಾತುಗಳಲ್ಲಿ ಮೊದಲನೆಯದು ಅರ್ಧ ನಿಜ, ಎರಡನೆಯದು ಪೂರ್ತಿ ಸುಳ್ಳು, ಮೂರನೆಯದು ವ್ಯಾಪಾರ.

ಮೊದಲನೆಯದು ನೋಡಿ. ದಸರಾದ ಕೊನೆ ದಿನಗಳಲ್ಲಿ ಗೆಸ್ಟ್‌ಗಳು ಖಾಲಿ ಮಾಡುವುದಿಲ್ಲ. ಹೇಗೂ ಬಂದಿದ್ದೇವೆ, ಮಂಟಪ ನೋಡಿಕೊಂಡೇ ಹೋಗೋಣ ಅನ್ನುತ್ತಾರೆ. ಜಗಳ ಮಾಡಿ ಹೊರಗೆ ಹಾಕಲು ಆಗಲ್ಲ. ವಿಜಯದಶಮಿಯ ಮರುದಿನ ಇನ್ನೂ ಕಷ್ಟ. ಹತ್ತು ಮಂಟಪದ ಮೆರವಣಿಗೆ ಮುಗಿಯುವಾಗ ಬೆಳಗಾಗಿರುತ್ತದೆ. ಜನ ಆಗ ಬಂದು ಮಲಗಿದರೆ ಹನ್ನೊಂದಕ್ಕೆ ಯಾರು ಏಳುತ್ತಾರೆ? ಜತೆಗೆ ನಮ್ಮ ಹುಡುಗರೇ ಅರ್ಧ ಜನ ಇರುವುದಿಲ್ಲ. ಒಬ್ಬ ಕೋಟೆ ಗಣಪತಿ ಮಂಟಪದ ಕೆಲಸಕ್ಕೆ, ಇನ್ನೊಬ್ಬ ದಂಡಿನ ಮಾರಿಯಮ್ಮನ ಕಡೆಗೆ. ಸಂಬಳ ಕೊಡುವ ಮಾಲೀಕನಿಗಿಂತ ಮಂಟಪ ಸಮಿತಿಯ ಮಾತಿಗೆ ಆ ವಾರ ತೂಕ ಜಾಸ್ತಿ. ರೂಮು ಗುಡಿಸಲು ಇಬ್ಬರು ಉಳಿದಿದ್ದರೆ ಪುಣ್ಯ. ನಿಮ್ಮ ಒದ್ದೆ ಕಂಬಳಿಗೂ ದುರುದ್ದೇಶ ಏನಿಲ್ಲ. ಅಕ್ಟೋಬರ್‌ನಲ್ಲೂ ನಮ್ಮಲ್ಲಿ ಮಳೆ, ಮಂಜು. ದಿನಾ ಎಲ್ಲ ರೂಮಿನ ಬಟ್ಟೆ ಒಗೆದರೆ ಒಣಗಿಸುವುದು ಎಲ್ಲಿ? ಸೋಲಾರ್ ಕಥೆಯೂ ಅಷ್ಟೇ. ಬಿಸಿಲು ಇಲ್ಲದ ದಿನ ಬೆಳಿಗ್ಗೆ ಮೊದಲು ಎದ್ದವರಿಗೆ ಬಿಸಿನೀರು, ಆಮೇಲೆ ಎದ್ದವರಿಗೆ ಕಾವೇರಿ ಸ್ನಾನ.

ಆದರೆ ‘ಸಿಸ್ಟಮ್‌ಗೆ ಬಂದಿಲ್ಲ’ ಅನ್ನುವುದು ಬೇರೆ ವಿಷಯ. ನಿಮ್ಮ ಹತ್ತಿರ ಬುಕಿಂಗ್ ನಂಬರ್ ಇರುವ ವೋಚರ್ ಇದೆ. ಅದೂ ಹೋಗಲಿ, ಹೋಟೆಲಿನವರೇ ನಿಮ್ಮ ಮೆಸೇಜಿಗೆ ‘ಓಕೆ’ ಅಂದಿದ್ದಾರೆ. ಬುಕಿಂಗ್ ಗೊತ್ತಿಲ್ಲದವರು ನೆಲಮಹಡಿಗೆ ಹೇಗೆ ಓಕೆ ಅಂದರು? ನನ್ನ ಅಂದಾಜು ಹೀಗೆ. ಆಗಸ್ಟ್‌ನಲ್ಲಿ ನಿಮಗೆ 6,200ಕ್ಕೆ ಕೊಟ್ಟ ರೂಮಿಗೆ ವಿಜಯದಶಮಿ ದಿನ ಬೆಳಿಗ್ಗೆ ಯಾರೋ ಕಾರಿನಲ್ಲಿ ಬಂದು ಡಬಲ್ ಕೊಡುತ್ತೇನೆ ಅಂದಿರುತ್ತಾರೆ. ಕ್ಯಾಶ್. ನೀವು ಇನ್ನೂ ಹಾಸನದಲ್ಲಿದ್ದಿರಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹೋಟೆಲ್ ತಾನಾಗಿ ಬುಕಿಂಗ್ ಕ್ಯಾನ್ಸಲ್ ಮಾಡಿದರೆ ಆಪ್‌ನವರು ಸುಮ್ನೆ ಬಿಡುವುದಿಲ್ಲ. ದಂಡ ಹಾಕಬಹುದು, ಲಿಸ್ಟಿನಲ್ಲಿ ಕೆಳಕ್ಕೆ ತಳ್ಳಬಹುದು. ಅದಕ್ಕೇ ಕೌಂಟರ್‌ನಲ್ಲಿ ಯಾರೂ ‘ರೂಮಿಲ್ಲ, ಹೋಗಿ’ ಅನ್ನುವುದಿಲ್ಲ. ಕೂರಿಸುತ್ತಾರೆ. ದಣಿಸುತ್ತಾರೆ. ಮೂರೂವರೆ ಹೊತ್ತಿಗೆ ನೀವೇ ‘ಎಲ್ಲಾದರೂ ಸರಿ, ಮಲಗಲು ಜಾಗ ಕೊಡಿ’ ಅನ್ನಬೇಕು. ಆಗ ಅವರ ಲೆಕ್ಕದಲ್ಲಿ ಅದು ‘ಗೆಸ್ಟ್ ಒಪ್ಪಿ ಶಿಫ್ಟ್ ಆದರು’. ಕೆಲವು ಕಡೆ ಇನ್ನೂ ಮುಂದೆ ಹೋಗಿ ‘ಗೆಸ್ಟ್ ಬರಲೇ ಇಲ್ಲ’ ಅಂತ ಆಪ್‌ನಲ್ಲಿ ಗುರುತು ಮಾಡುತ್ತಾರೆ. ನಿಮ್ಮ ಬುಕಿಂಗ್ ಈಗ ಆಪ್‌ನಲ್ಲಿ ಏನಂತ ತೋರಿಸುತ್ತಿದೆ, ಇವತ್ತೇ ನೋಡಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಆದ್ದರಿಂದ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಎಲ್ಲ ತೀರ್ಮಾನ ಆಗುವುದು ಆ ಕೌಂಟರ್‌ನಲ್ಲಿ, ಇನ್ನೊಂದು ಕಡೆಯ ಕೀ ಕೈಗೆ ತೆಗೆದುಕೊಳ್ಳುವ ಮೊದಲು. ಕೀ ತೆಗೆದುಕೊಂಡ ಮೇಲೆ ನಿಮ್ಮ ಕೋಪಕ್ಕೆ ಬೆಲೆ ಇಲ್ಲ. ಎದುರಿಗಿರುವ ಹುಡುಗನ ಮೇಲೆ ಕೂಗಾಡಬೇಡಿ. ಅವನಿಗೆ ರೇಟು ಇಳಿಸುವ ಅಧಿಕಾರ ಇಲ್ಲ, ಬೈಗುಳ ಕೇಳುವುದಕ್ಕೇ ಅವನನ್ನು ಅಲ್ಲಿ ನಿಲ್ಲಿಸಿರುತ್ತಾರೆ. ‘ಮಾಲೀಕರಿಗೆ ಫೋನ್ ಹಚ್ಚು’ ಅನ್ನಿ. ಮಾಲೀಕ ಮಂಟಪದ ಹತ್ತಿರ ಇದ್ದರೂ ಫೋನ್ ಎತ್ತುತ್ತಾನೆ. ಅಲ್ಲೇ ನಿಂತು ಆಪ್‌ನ ಸಹಾಯವಾಣಿಗೂ ಫೋನ್ ಮಾಡಿ, ಸ್ಪೀಕರ್ ಹಾಕಿ. ಆಮೇಲೆ ಹೋಟೆಲಿನ ಅದೇ ವಾಟ್ಸಾಪ್ ನಂಬರಿಗೆ ಎರಡು ಸಾಲು ಬರೆಯಿರಿ: ‘12 ಗಂಟೆಯಿಂದ ಕೌಂಟರ್‌ನಲ್ಲಿ ಕಾಯುತ್ತಿದ್ದೇವೆ. ಬುಕ್ ಮಾಡಿದ ನೆಲಮಹಡಿ ರೂಮು ಇಲ್ಲ ಅಂತ ಹೇಳಿ ಬೇರೆ ಜಾಗಕ್ಕೆ ಕಳಿಸುತ್ತಿದ್ದೀರಿ. ಬೇರೆ ದಾರಿ ಇಲ್ಲದ್ದಕ್ಕೆ ಹೋಗುತ್ತಿದ್ದೇವೆ, ಒಪ್ಪಿ ಅಲ್ಲ.’ ನೀಲಿ ಟಿಕ್ ಬಂದರೆ ಸಾಕು.

ಏನು ಕೇಳಬೇಕು ಅನ್ನುವುದರಲ್ಲೂ ಜನ ಎಡವುತ್ತಾರೆ. ವಿಜಯದಶಮಿ ದಿನ ಸಂಜೆ ನಾಲ್ಕಕ್ಕೆ ಮಡಿಕೇರಿಯಲ್ಲಿ ಬೇರೆ ರೂಮು ಹುಟ್ಟುವುದಿಲ್ಲ. ಅದಕ್ಕೆ ಗಂಟೆಗಟ್ಟಲೆ ಜಗಳವಾಡಿ ಪ್ರಯೋಜನ ಇಲ್ಲ. ನೀವು ಬಂದದ್ದು ಮಂಟಪಕ್ಕೆ. ‘ರೂಮು ಎಲ್ಲಾದರೂ ಇರಲಿ, ರಾತ್ರಿ ನಮ್ಮ ಅತ್ತೆಗೆ ನಿಮ್ಮ ಹೋಟೆಲ್ ಬಾಗಿಲಲ್ಲಿ ಕುರ್ಚಿ ಹಾಕಿ. ರಸ್ತೆ ಮುಚ್ಚುವ ಮೊದಲು ನಿಮ್ಮ ಜೀಪಿನಲ್ಲಿ ಕರೆದುಕೊಂಡು ಬನ್ನಿ, ಬೆಳಿಗ್ಗೆ ಬಿಡಿ. ಮಧ್ಯೆ ಮಲಗಬೇಕು ಅನ್ನಿಸಿದರೆ ನಿಮ್ಮ ಆಫೀಸ್ ರೂಮಿನ ಮಂಚ ಕೊಡಿ. ಅಲ್ಲಿನ ರೂಮಿನ ನಿಜವಾದ ರೇಟು ಎಷ್ಟೋ ಅಷ್ಟೇ ಕೊಡುತ್ತೇವೆ.’ ಇದಕ್ಕೆ ಯಾವ ಮಾಲೀಕನೂ ಇಲ್ಲ ಅನ್ನುವುದು ಕಷ್ಟ. ಕೊಡಬಹುದಾದದ್ದನ್ನು ಕೇಳಿದರೆ ಕೊಡುತ್ತಾರೆ. ಕೊಡಲಾಗದ್ದನ್ನು ಕೇಳಿದರೆ ‘ಸೀಸನ್ ಮೇಡಂ’ ಅಂದು ಮುಖ ತಿರುಗಿಸುತ್ತಾರೆ.

ಇನ್ನೊಂದು. ಹಬ್ಬದ ಹಿಂದಿನ ದಿನ ಸಂಜೆ ಫೋನ್ ಮಾಡಿ ‘ನಮ್ಮ ರೂಮ್ ನಂಬರ್ ಎಷ್ಟು’ ಅಂತ ಕೇಳಿ. ಹೇಳಿದರೆ ಚಾರ್ಟಿನಲ್ಲಿ ನಿಮ್ಮ ಹೆಸರು ಬರೆದಿದ್ದಾರೆ. ‘ಬನ್ನಿ ಬನ್ನಿ, ನೋಡೋಣ’ ಅಂದರೆ ನಿಮ್ಮ ರೂಮು ಆಗಲೇ ಹರಾಜಿಗಿದೆ.

ಕಾಫಿತೋಟ_ಹೋಮ್‌ಸ್ಟೇ:

ಹಳೇ ಕೌಂಟರ್ ಅವರು ಹೇಳಿದ್ದು ಸರಿ. ಆದರೆ ‘ಮೇಕೇರಿ ಕಡೆಯ ಹೋಮ್‌ಸ್ಟೇ’ ಅಂದ ತಕ್ಷಣ ನಮ್ಮನ್ನೆಲ್ಲ ಒಂದೇ ಗಾಣಕ್ಕೆ ಹಾಕಬೇಡಿ. ನಾವೂ ಮನೆಯಲ್ಲಿ ರೂಮು ಕೊಡುತ್ತೇವೆ. ಸೌದೆ ಒಲೆಯ ಮೇಲೆ ಹಂಡೆ ನೀರು ಕಾಯಿಸುತ್ತೇವೆ, ಮಳೆ ಇರಲಿ ಬಿಸಿಲಿರಲಿ ನೀರು ಸುಡುತ್ತಿರುತ್ತದೆ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿದ್ದೇವೆ. ಬೇರೆ ಕಡೆಗೆ ಕಳಿಸಿದರೆ ಆ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ಅದು ಯಾರದೋ ಖಾಲಿ ಮನೆ.

ಇನ್ನೊಂದು ಕಡೆಯ ಮಾತೂ ಇದೆ. ದಸರಾದಲ್ಲಿ ನಾಲ್ಕು ಜನ ಅಂತ ಬುಕ್ ಮಾಡಿ ಒಂಬತ್ತು ಜನ ಇಳಿಯುತ್ತಾರೆ. ‘ನೆಲದ ಮೇಲೆ ಮಲಗ್ತೀವಿ ಬಿಡಿ’ ಅನ್ನುತ್ತಾರೆ. ನೆಲದ ಮೇಲೆ ಮಲಗಿದವರಿಗೂ ಬೆಳಿಗ್ಗೆ ಕಡುಬು ಬೇಕು, ಬಿಸಿನೀರು ಬೇಕು ಅಲ್ವಾ? ವಿದ್ಯಾನಗರದವರು ಹಾಗೆ ಮಾಡಿದರು ಅನ್ನುತ್ತಿಲ್ಲ. ತಿಂಡಿ ಒಂಬತ್ತಕ್ಕೇ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ.

ವಿದ್ಯಾನಗರದಾಕಿ:

ನಿಮ್ಮ ಮಾತು ಒಪ್ಪಿದೆ. ನಾವು ಬುಕಿಂಗ್‌ನಲ್ಲಿ ಮಗುವಿನ ಹೆಸರನ್ನೂ ಸೇರಿಸಿದ್ದೆವು.

ಹಳೇ ಕೌಂಟರ್ ಸರ್, ಆಪ್‌ನಲ್ಲಿ ‘ಸ್ಟೇ ಕಂಪ್ಲೀಟೆಡ್’ ಅಂತ ಬಂದಿದೆ, ಮೊದಲಿನ ಹೋಟೆಲ್ ಹೆಸರಲ್ಲೇ! ಅಂದರೆ ನಾವು ಕಾಲಿಡದ ರೂಮಿನಲ್ಲಿ ಮಲಗಿ ಎದ್ದು ಬಂದಿದ್ದೇವೆ. ಬಿಲ್ ಕೂಡ ಅದೇ ಹೋಟೆಲಿನದು, ಅಕ್ಟೋಬರ್ 4ರ ತಾರೀಕು. ರೂಮು 24,800, ಜಿಎಸ್‌ಟಿ 12 ಪರ್ಸೆಂಟ್ 2,976. ಒಂದು ರಾತ್ರಿಯ ಊಟ 3,400, ಅದರ ಮೇಲೆ ‘ಸರ್ವೀಸ್ ಚಾರ್ಜ್’ 340. ಯಾವ ಸರ್ವೀಸ್ ಅಂತ ಕೇಳಬೇಕೆನಿಸಿತು. ಜತೆಗೆ 20 ರೂಪಾಯಿಯ ನೀರಿನ ಬಾಟಲಿಗೆ 50.

ಬ್ಯಾಲೆನ್ಸ್_ಶೀಟ್:

ದಾವಣಗೆರೆಯಲ್ಲಿ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ಆ ಬಿಲ್ ತಪ್ಪು.

ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಲೆಕ್ಕ ಒಂದು ರೂಮಿಗೆ ಒಂದು ದಿನಕ್ಕೆ, ಒಟ್ಟು ಬಿಲ್ಲಿಗಲ್ಲ. ನಿಮ್ಮದು 6,200, ಆದ್ದರಿಂದ 5. ‘ನೀವು ಬುಕ್ ಮಾಡಿದ್ದು ಆಗಸ್ಟ್‌ನಲ್ಲಿ, ಆಗಿನ ರೇಟು’ ಅಂತ ಹೇಳಬಹುದು. ನೀವು ಉಳಿದದ್ದೂ ಅಕ್ಟೋಬರ್, ಬಿಲ್ ಆದದ್ದೂ ಅಕ್ಟೋಬರ್. ಹೊಸ ದರವೇ ಹಾಕಬೇಕು. 24,800ಕ್ಕೆ 5 ಪರ್ಸೆಂಟ್ ಅಂದರೆ 1,240. ವ್ಯತ್ಯಾಸ 1,736 ರೂಪಾಯಿ. ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಡಿಮೆ ಮಾಡಿದ್ದಕ್ಕೆ ಕೊಡುವ ಚೀಟಿ) ಕೊಟ್ಟು ವಾಪಸ್ ಮಾಡಿ ಅಂತ ಮೇಲ್ ಹಾಕಿ. ತೆರಿಗೆ ವಿಷಯ ಎತ್ತಿದರೆ ಬೇಗ ಉತ್ತರ ಬರುತ್ತದೆ, ಯಾಕೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಸರ್ವೀಸ್ ಚಾರ್ಜ್ ಅನ್ನು ಬಿಲ್ಲಿನಲ್ಲಿ ತಾವಾಗಿ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಹೋಟೆಲ್ ಸಂಘಗಳು ಅದನ್ನು ಪ್ರಶ್ನಿಸಿದಾಗ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿ ಹಿಡಿಯಿತು. 340 ಕೇಳಿ.

ನೀರಿನ ಬಾಟಲಿ ಮರೆತುಬಿಡಿ. ಹೋಟೆಲಿನಲ್ಲಿ ಕೂತು ಕುಡಿಯುವ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರಿನಲ್ಲಿ ಅದನ್ನು ಸೇರಿಸಿದರೆ ಉಳಿದದ್ದೂ ಹಗುರವಾಗಿ ಕಾಣುತ್ತದೆ.

ಕೋರ್ಟ್‌ಸರ್ಕಲ್:

ಧಾರವಾಡದಲ್ಲಿ ವಕೀಲ. ‘ಸ್ಟೇ ಕಂಪ್ಲೀಟೆಡ್’ ನೋಡಿ ಬೇಜಾರಾಗಬೇಡಿ, ಅದು ನಿಮಗೇ ಅನುಕೂಲ. ಉಳಿದದ್ದು ಒಂದು ಕಡೆ, ಬಿಲ್ ಇನ್ನೊಂದು ಕಡೆಯದು. ಇದಕ್ಕೆ ಅವರು ವಿವರಣೆ ಕೊಡಬೇಕು, ನೀವಲ್ಲ. ಮೇಕೇರಿ ಕಡೆಯ ರೂಮಿನ ಫೋಟೋಗಳಲ್ಲಿ ಸಮಯ, ಜಾಗ ದಾಖಲಾಗಿರುತ್ತದೆ. ಅವನ್ನು ಅಳಿಸಬೇಡಿ, ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಸಾಲದು, ಮೂಲ ಫೋಟೋನೇ ಇಟ್ಟುಕೊಳ್ಳಿ.

ಮೊದಲು ಆಪ್‌ನ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಕಸ್ಟಮರ್ ಕೇರ್ ಚಾಟ್ ಅಲ್ಲ, ಅದು ಬೇರೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ಅಧಿಕಾರಿಯ ಹೆಸರು, ವಿಳಾಸ ಆಪ್‌ನಲ್ಲೇ ಹಾಕಿರಬೇಕು. 48 ಗಂಟೆಯಲ್ಲಿ ದೂರು ತಲುಪಿತು ಅನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜತೆಗೇ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ದಾಟಿಸುತ್ತಾರೆ. ಅಷ್ಟಕ್ಕೇ ಎಷ್ಟೋ ಕೆಲಸ ಮುಗಿಯುತ್ತದೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಇದಕ್ಕೆ ಮಡಿಕೇರಿಗೆ ಅಲೆಯಬೇಕು ಅಂತ ತುಂಬಾ ಜನ ಅಂದುಕೊಂಡು ಕೈಬಿಡುತ್ತಾರೆ. ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರ ವಾಸವಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ನಿಮಗೆ ಧಾರವಾಡವೇ ಸಾಕು. 5 ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದ ತನಕ ಅವಕಾಶ ಇದೆ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ವಕೀಲರೇ ಬೇಕು ಅಂತಿಲ್ಲ (ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಿಕೊಂಡು ಹೇಳುತ್ತಿದ್ದೇನೆ). ಹೋಟೆಲ್, ಆಪ್ ಇಬ್ಬರನ್ನೂ ಎದುರುದಾರರು ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬೇಗ ಆಗುತ್ತದೆ ಅಂತ ಮಾತ್ರ ಹೇಳಲಾರೆ. ಕಾಯ್ದೆಯಲ್ಲಿ ತಿಂಗಳುಗಳ ಲೆಕ್ಕ ಇದೆ, ಆಯೋಗದಲ್ಲಿ ಮುಂದಿನ ತಾರೀಕು ಇದೆ.

ದೂರಿನಲ್ಲಿ ಬ್ರೆಡ್ಡು, ಜಾಮ್, ಒದ್ದೆ ಕಂಬಳಿ ಎಲ್ಲ ಕೊನೆಗೆ ಒಂದು ಸಾಲಿನಲ್ಲಿ ಇರಲಿ. ಮೇಲೆ ಬರಬೇಕಾದದ್ದು ಎರಡು: ನೆಲಮಹಡಿ ಅಂತ ಒಪ್ಪಿ ಮೆಟ್ಟಿಲು ಹತ್ತಿಸಿದರು, ರಸ್ತೆ ಪಕ್ಕದ ರೂಮಿಗೆ ಹಣ ಪಡೆದು ಊರ ಹೊರಗೆ ಕಳಿಸಿದರು. ಅತ್ತೆಯವರ ಆಪರೇಷನ್ ಚೀಟಿ ಜತೆಗಿಡಿ.

ವಿದ್ಯಾನಗರದಾಕಿ:

ಎಲ್ಲರಿಗೂ ಥ್ಯಾಂಕ್ಸ್. ಸ್ವಲ್ಪ ಸುದ್ದಿ ಇದೆ.

ಜಿಎಸ್‌ಟಿ ಮೇಲ್ ಹಾಕಿದ ಮೇಲೆ ಹೋಟೆಲಿನಿಂದ ತಾವಾಗಿ ಫೋನ್ ಬಂತು! ‘ಹಳೇ ಸಾಫ್ಟ್‌ವೇರ್ ಮೇಡಂ, ಅಪ್‌ಡೇಟ್ ಆಗಿರಲಿಲ್ಲ’ ಅಂದರು. 1,736 ಮತ್ತು 340 ಎರಡೂ ಯುಪಿಐನಲ್ಲಿ ಬಂದವು. ರೂಮಿನ ವಿಷಯ ಎತ್ತಿದರೆ ಮತ್ತೆ ‘ನೀವೇ ಒಪ್ಪಿ ಹೋದಿರಲ್ಲ’ ಅಂದರು, ಹಳೇ ಕೌಂಟರ್ ಸರ್ ಹೇಳಿದ ಅದೇ ಮಾತು, ಅಕ್ಷರಕ್ಕೆ ಅಕ್ಷರ.

1915ಕ್ಕೂ ದೂರು ಕೊಟ್ಟೆ. ಆಮೇಲೆ ಆಪ್‌ನವರು ಒಂದು ರಾತ್ರಿಯ ಹಣ ತಮ್ಮ ವಾಲೆಟ್‌ಗೆ ಹಾಕುತ್ತೇವೆ, ಮುಂದಿನ ಬುಕಿಂಗ್‌ಗೆ ಬಳಸಿ ಅಂತ ಮೇಲ್ ಕಳಿಸಿದ್ದಾರೆ. ಕೆಳಗೆ ‘ಒಪ್ಪಿಗೆ’ ಅಂತ ಒಂದು ಬಟನ್ ಇದೆ. ಒತ್ತಬೇಕಾ?

ಕೋರ್ಟ್‌ಸರ್ಕಲ್:

ಒತ್ತಬೇಡಿ. ಬಟನ್ ಮೇಲಿನ ಸಣ್ಣ ಅಕ್ಷರ ಓದಿ, ‘ಇದರೊಂದಿಗೆ ದೂರು ಮುಕ್ತಾಯ’ ಅಂತ ಇದ್ದೇ ಇರುತ್ತದೆ. ‘ಹಣ ಬ್ಯಾಂಕ್ ಖಾತೆಗೆ ಬರಲಿ, ವಾಲೆಟ್ ಬೇಡ. ಎರಡು ರಾತ್ರಿಗೂ ರೂಮು ಕೊಟ್ಟಿಲ್ಲ, ಆದ್ದರಿಂದ ಎರಡು ರಾತ್ರಿಯ ವ್ಯತ್ಯಾಸ ಕೊಡಿ’ ಅಂತ ಅದೇ ಮೇಲ್‌ಗೆ ಉತ್ತರ ಬರೆಯಿರಿ. ಮೇಕೇರಿ ಕಡೆಯ ಆ ಜಾಗದ ಮಾಮೂಲಿ ರೇಟು ಯಾವುದಾದರೂ ಆಪ್‌ನಲ್ಲಿ ಸಿಗುತ್ತದಾ ನೋಡಿ, ಸಿಕ್ಕರೆ ಅದೂ ಜತೆಗಿರಲಿ.

ಹಳೇ_ಕೌಂಟರ್:

ಆ ಜಾಗದ ಫೋಟೋ ನನಗೆ ಇನ್‌ಬಾಕ್ಸ್ ಮಾಡಿ ಮೇಡಂ. ಮೆಟ್ಟಿಲು ನೋಡಿದರೆ ಯಾರ ಮನೆ ಅಂತ ಗೊತ್ತಾಗುತ್ತದೆ, ಮಾಮೂಲಿ ದಿನದ ರೇಟು ನಾನೇ ವಿಚಾರಿಸಿ ಹೇಳುತ್ತೇನೆ.